ರಾತ್ರಿಯಿಡೀ ಕಣ್ಣು ಮುಚ್ಚಲಿಲ್ಲ, ಆದರೂ ಬೆಳಗಿನ ಜಾವ ಕಾರ್ಟಿಸಾಲ್ ಏರಿದ್ದು ಹೇಗೆ?

ನಿದ್ದೆಗೇಡಿ | ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಒಂದು ಸಂಶೋಧನೆಗೆ ಮೈಕೊಟ್ಟು ಬಂದೆ. ಮಿದುಳಿಗೂ ಹಾರ್ಮೋನಿಗೂ ಇರುವ ನಂಟನ್ನು ನೋಡುವವರು, ಅದೇ ನ್ಯೂರೋಎಂಡೋಕ್ರೈನಾಲಜಿಯವರು, ನಡೆಸಿದ್ದು. ದಿನದ ಯಾವ ಹೊತ್ತಿಗೆ ಯಾವ ಹಾರ್ಮೋನು ಎಷ್ಟು ಸುರಿಯುತ್ತದೆ ಅನ್ನುವುದನ್ನು ಅಳೆಯುತ್ತಾರೆ.

ಕೋಣೆಗೆ ಕಿಟಕಿ ಇಲ್ಲ. ಗಡಿಯಾರ ಇಲ್ಲ. ಫೋನು ಇಸಿದುಕೊಂಡರು. ಬೆಳಕು ಎಷ್ಟು ಮಂದ ಅಂದರೆ ಪುಸ್ತಕದ ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತಿತ್ತು. ಅರ್ಧ ಒರಗಿಕೊಂಡೇ ಇರಬೇಕು, ಏಳುವ ಹಾಗಿಲ್ಲ. ಗಂಟೆಗೊಮ್ಮೆ ಅಳತೆ ಮಾಡಿದ ಅದೇ ನಾಲ್ಕು ತುತ್ತು, ಅಷ್ಟೇ ನೀರು. ಸುಮಾರು 36 ಗಂಟೆ ನಿದ್ದೆ ಮಾಡಕೂಡದು. ರೆಪ್ಪೆ ಜಾರಿತೋ, ಪಕ್ಕದಲ್ಲಿ ಕೂತವರು ಮೆಲ್ಲಗೆ ಹೆಸರು ಹಿಡಿದು ಕರೆಯುತ್ತಿದ್ದರು. ತೋಳಿಗೆ ಒಂದು ಸಣ್ಣ ನಳಿಕೆ. ಅದರ ಉದ್ದ ಕೊಳವೆ ಗೋಡೆಯ ತೂತಿನಲ್ಲಿ ಹಾದು ಪಕ್ಕದ ಕೋಣೆಗೆ. ಇಪ್ಪತ್ತು ನಿಮಿಷಕ್ಕೊಮ್ಮೆ ಅಲ್ಲಿ 'ಟಕ್' ಅಂತ ಸದ್ದು. ಆಮೇಲೆ ಕೊಳವೆಯೊಳಗೆ ಒಂದು ಕೆಂಪು ಗೆರೆ ನಿಧಾನವಾಗಿ ಗೋಡೆಯ ಕಡೆಗೆ ಸರಿಯುತ್ತಿತ್ತು. ಹೊತ್ತು ಹೋಗದೆ ಹೊದಿಕೆಯ ಪಟ್ಟೆ ಎಣಿಸಿದೆ. ಹದಿನಾಲ್ಕು.

ಮೊನ್ನೆ ನನ್ನ ಗ್ರಾಫು ತೋರಿಸಿದರು. ಕಾರ್ಟಿಸಾಲ್ ನಡುರಾತ್ರಿಯ ಹೊತ್ತಿಗೆ ತಳ ಮುಟ್ಟಿದೆ. ಮೂರು ಗಂಟೆಯಿಂದ ಮೆಲ್ಲಗೆ ಮೇಲೆದ್ದು, ಎಂಟರ ಹೊತ್ತಿಗೆ ತುದಿ. ಮಲಗಿದ್ದವನು ಎದ್ದ ಹಾಗೆ! ನಾನು ಮಲಗೇ ಇಲ್ಲವಲ್ಲ. ಆದರೆ ಬೆಳವಣಿಗೆಯ ಹಾರ್ಮೋನಿನ ಗೆರೆ ರಾತ್ರಿಯಿಡೀ ಹೆಚ್ಚುಕಡಿಮೆ ಚಪ್ಪಟೆ. ಎಚ್ಚರ ಇದ್ದವನು ಒಬ್ಬನೇ. ಒಂದು ಹಾರ್ಮೋನಿಗೆ ಅದು ಗೊತ್ತಾಗಿದೆ, ಇನ್ನೊಂದಕ್ಕೆ ಗೊತ್ತೇ ಆಗಿಲ್ಲ. ಯಾಕೆ? ಸಂಶೋಧನೆ ನಡೆಸಿದ ಮೇಡಂ ಅನ್ನೇ ಕೇಳಿದೆ. "ನಾನು ಹದಿನೈದು ವರ್ಷದಿಂದ ಕೇಳುತ್ತಿರುವುದೂ ಅದನ್ನೇ" ಅಂತ ನಕ್ಕು ಮುಂದಿನವರನ್ನು ನೋಡಲು ಹೋದರು.

ಸುಮ್ನೆ_ಕೇಳ್ದೆ | 9:52

ದುಡ್ಡು ಕೊಟ್ಟರಾ?

ನಿದ್ದೆಗೇಡಿ | 9:53

ಕೊಟ್ಟರು. ಆಮೇಲೆ ಎರಡು ದಿನ ಮಲಗಿದ್ದಕ್ಕೆ ಸರಿಹೋಯಿತು.

ಅನುಮಾನಪ್ಪ | 10:05

ಇದರಲ್ಲಿ ಗುಟ್ಟೇನಿದೆ ಸ್ವಾಮಿ? ಕಾರ್ಟಿಸಾಲ್ ಅಂದರೆ ಒತ್ತಡದ ಹಾರ್ಮೋನು. ಮನುಷ್ಯನನ್ನು ಕಟ್ಟಿಹಾಕಿದ ಹಾಗೆ ಕೂರಿಸಿ, ಸೂಜಿ ಚುಚ್ಚಿ, ನಿದ್ದೆಗೆಡಿಸಿದರೆ ಏರದೆ ಇನ್ನೇನಾಗುತ್ತದೆ? ಇದಕ್ಕೊಂದು ಸಂಶೋಧನೆ, ಅದಕ್ಕೊಂದು ಗ್ರಾಫು.

ಲ್ಯಾಬ್_ಇಲಿ | 10:31

ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಎಷ್ಟು ವರ್ಷದಿಂದ ಅಂತ ಮಾತ್ರ ಕೇಳಬೇಡಿ.

ಅನುಮಾನಪ್ಪ ಸರ್, ಒತ್ತಡದಿಂದ ಏರಿದ್ದಾದರೆ ನಡುರಾತ್ರಿ ತಳ ಯಾಕೆ ಮುಟ್ಟಬೇಕಿತ್ತು? ಆಗಲೂ ಸೂಜಿ ಇತ್ತು, ಆಗಲೂ ನಿದ್ದೆ ಇರಲಿಲ್ಲ. ಎಂಟು ಗಂಟೆಯಾದ ಮೇಲೆ ಮತ್ತೆ ಇಳಿದಿದೆಯಲ್ಲ, ಹಿಂಸೆ ಅಷ್ಟಕ್ಕೇ ಮುಗಿದಿತ್ತಾ? ಒತ್ತಡ ಅದನ್ನು ಮೇಲೆ ಕೆಳಗೆ ನೂಕುತ್ತದೆ, ಒಪ್ಪೋಣ. ಆದರೆ ದಿನದ ಈ ದೊಡ್ಡ ಅಲೆ ಎಬ್ಬಿಸುವುದು ಬೇರೆಯೇ ಒಂದು ಕೈ.

ನಿದ್ದೆಗೇಡಿಯವರೇ, ನಿಮಗೆ ಮಾಡಿದ್ದಕ್ಕೆ ಕಾನ್‌ಸ್ಟಂಟ್ ರುಟೀನ್ ಅನ್ನುತ್ತೇವೆ. ಹಾರ್ಮೋನನ್ನು ಅಲುಗಿಸಬಲ್ಲ ಸಂಗತಿಗಳು ಬೆಳಕು, ಊಟ, ನಿಂತು ಕೂತು ಮಾಡುವುದು, ನಿದ್ದೆ. ಅವನ್ನೆಲ್ಲ ಒಂದೇ ಸಮ ಮಾಡಿಬಿಡುವುದು. ಗಲಾಟೆ ಮಾಡುವವರನ್ನೆಲ್ಲ ಆಚೆ ಕಳಿಸಿ ಗೋಡೆ ಗಡಿಯಾರದ ಸದ್ದು ಕೇಳಿಸಿಕೊಂಡ ಹಾಗೆ. ಆಮೇಲೂ ಯಾವುದು ಏರಿಳಿಯುತ್ತದೋ ಅದು ಒಳಗಿನ ಗಡಿಯಾರದ್ದು. ಯಾವುದು ಚಪ್ಪಟೆ ಆಗುತ್ತದೋ ಅದು ನಿದ್ದೆಯನ್ನೋ ಊಟವನ್ನೋ ನೆಚ್ಚಿಕೊಂಡಿತ್ತು ಅಂತ ಅರ್ಥ.

ಗಡಿಯಾರ ಇರುವುದು ಮಿದುಳಿನ ತಳದ ಹೈಪೋಥಲಾಮಸ್‌ನಲ್ಲಿ. ಎರಡು ಕಣ್ಣಿನ ನರಗಳು ಒಂದನ್ನೊಂದು ಹಾಯುವ ಜಾಗದ ನೆತ್ತಿಯ ಮೇಲೆ. ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್ ಅಂತ ಹೆಸರು. ನಾವು ಎಸ್‌ಸಿಎನ್ ಅನ್ನುತ್ತೇವೆ, ನಾಲಿಗೆಗೆ ಸುಖ. ಎರಡೂ ಬದಿ ಸೇರಿ ಸುಮಾರು 20,000 ನರಕೋಶ, ಅಷ್ಟೇ. 1972ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಇದನ್ನು ಹಿಡಿದವು. ಸ್ಟೀಫನ್ ಮತ್ತು ಝುಕರ್ ಇಲಿಗಳಲ್ಲಿ ಇದನ್ನು ಹಾಳುಮಾಡಿದಾಗ ಓಡಾಟದ, ನೀರು ಕುಡಿಯುವ ಲಯ ಹೋಯಿತು. ಮೂರ್ ಮತ್ತು ಐಕ್ಲರ್ ಹಾಳುಮಾಡಿದಾಗ ಹೋಗಿದ್ದು ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್ ಗ್ರಂಥಿಯ ಕಾರ್ಟಿಕೋಸ್ಟಿರೋನ್ ಲಯ. ಅದು ಇಲಿಯ ಕಾರ್ಟಿಸಾಲ್ ಅಂದುಕೊಳ್ಳಿ. ಅಂದರೆ ಗಡಿಯಾರ ಸಿಕ್ಕಿದ್ದೇ ಅರ್ಧ ಹಾರ್ಮೋನಿನ ದೆಸೆಯಿಂದ.

ಬೆಳವಣಿಗೆಯ ಹಾರ್ಮೋನಿನ ಕಥೆ ಬೇರೆ. 1968ರಲ್ಲಿ ತಾಕಾಹಾಶಿ ಮತ್ತವರ ಜೊತೆಯವರು ಜನರನ್ನು ಮಲಗಿಸಿ ರಕ್ತ ತೆಗೆದು ನೋಡಿದರು. ನಿದ್ದೆ ಹತ್ತಿದ ಸ್ವಲ್ಪ ಹೊತ್ತಿಗೆ, ಗಾಢ ನಿದ್ದೆಯ ಜೊತೆ, ದೊಡ್ಡ ಅಲೆ. ಮಲಗುವುದನ್ನು ತಡ ಮಾಡಿಸಿದರೆ ಅಲೆಯೂ ತಡ. ಅದು ಗಡಿಯಾರ ನೋಡುವುದಿಲ್ಲ, ನಿದ್ದೆಗೆ ಕಾಯುತ್ತದೆ. ನೀವು ಮಲಗಲಿಲ್ಲ, ಅದು ಬರಲಿಲ್ಲ.

ಗೂಬೆಮರಿ | 10:38

ಇಲಿಯವರು ಇಲಿಗಳ ಮೇಲೇ ಪ್ರಯೋಗ ಮಾಡುತ್ತೀರಾ? ಪಾಪ ಅಲ್ವಾ.

ಲ್ಯಾಬ್_ಇಲಿ | 10:40

ರಾತ್ರಿ ಹೊತ್ತು ಮಂದ ಕೆಂಪು ದೀಪದಲ್ಲಿ ಅವುಗಳ ಜೊತೆ ನಾನೂ ಎಚ್ಚರ ಇರುತ್ತೇನೆ. ಯಾರ ಮೇಲೆ ಯಾರು ಪ್ರಯೋಗ ಮಾಡುತ್ತಿದ್ದಾರೆ ಅಂತ ಎಷ್ಟೋ ಸಲ ಅನುಮಾನ ಬಂದಿದೆ.

ಎಂಡೋ_ಡಾಕ್ಟ್ರು | 11:02

ಇಲಿಯವರು ಹೇಳಿದ್ದು ಸರಿ, ಒಂದು ತಿದ್ದುಪಡಿ. "ಮಲಗಲಿಲ್ಲ, ಬರಲಿಲ್ಲ" ಅನ್ನುವುದು ಆ ರಾತ್ರಿಯ ಮಟ್ಟಿಗೆ ಮಾತ್ರ. 2000ರಲ್ಲಿ ಬ್ರಾಂಡನ್‌ಬರ್ಗರ್ ತಂಡ 24 ಗಂಟೆಯ ಲೆಕ್ಕ ತೆಗೆದಾಗ, ನಿದ್ದೆಗೆಟ್ಟವರಲ್ಲಿ ಬೆಳವಣಿಗೆಯ ಹಾರ್ಮೋನು ಹಗಲಿನಲ್ಲಿ ಸಣ್ಣಸಣ್ಣದಾಗಿ ಚದುರಿ ಬಂದಿತ್ತು. ಕೂಡಿಸಿದರೆ ಒಟ್ಟು ಮೊತ್ತ ಹೆಚ್ಚುಕಡಿಮೆ ಅಷ್ಟೇ. ಒಂದು ರಾತ್ರಿ ಮಗು ನಿದ್ದೆಗೆಟ್ಟಿತು, ಇನ್ನು ಎತ್ತರ ಆಗುವುದಿಲ್ಲ ಅಂತ ಗಾಬರಿ ಬೀಳುವ ಅಪ್ಪ ಅಮ್ಮಂದಿರಿಗೆ ನಾನು ಇದನ್ನೇ ಹೇಳುವುದು.

ಒತ್ತಡದ ಹಾರ್ಮೋನು ಅನ್ನುವ ಹೆಸರೇ ತಲೆನೋವು. ಕಾರ್ಟಿಸಾಲ್ ಇಲ್ಲದೆ ಬೆಳಿಗ್ಗೆ ಹಾಸಿಗೆಯಿಂದ ಏಳಲಿಕ್ಕೂ ಆಗುವುದಿಲ್ಲ.

ಮೂರು_ಗುಳಿಗೆ | 11:20

ಡಾಕ್ಟರ್ ಸರ್ ಕೊನೆಯ ಸಾಲಿಗೆ ನಾನೇ ಸಾಕ್ಷಿ. ನನ್ನ ಅಡ್ರಿನಲ್ ಗ್ರಂಥಿಗಳು ಕೆಲಸ ಬಿಟ್ಟು ಆರು ವರ್ಷ ಆಯಿತು. ಹೈಡ್ರೋಕಾರ್ಟಿಸೋನ್, ಅಂದರೆ ಕಾರ್ಟಿಸಾಲಿನದೇ ಗುಳಿಗೆಯಲ್ಲಿ ಬದುಕು. ಎದ್ದ ಕೂಡಲೇ ದೊಡ್ಡದು, ಮಧ್ಯಾಹ್ನ ಸಣ್ಣದು, ಸಂಜೆಗೆ ಚೂರು. ನಿಮ್ಮೆಲ್ಲರ ಒಳಗೆ ಬೆಳಗಿನ ಮೂರಕ್ಕೆ ಶುರುವಾಗುವ ಆ ಏರು ನನಗಿಲ್ಲ. ಅಲಾರಂ ಹೊಡೆದಾಗ ನನ್ನದು ಸೊನ್ನೆಯ ಹತ್ತಿರ. ಕಣ್ಣು ಬಿಟ್ಟಿರುತ್ತದೆ, ಕೈ ಮೇಲೇಳುವುದಿಲ್ಲ. ಅದಕ್ಕೆ ಗುಳಿಗೆ ಮತ್ತು ನೀರು ದಿಂಬಿನ ಪಕ್ಕದಲ್ಲೇ. ಐದಕ್ಕೆ ಒಂದು ಅಲಾರಂ, ನುಂಗಿ ಮತ್ತೆ ಮಲಗುತ್ತೇನೆ. ಆರೂವರೆಗೆ ಎರಡನೆಯದು. ಆ ನಡುವಿನ ಒಂದೂವರೆ ಗಂಟೆಯಲ್ಲಿ ನಾನು ಮನುಷ್ಯಳಾಗುತ್ತೇನೆ.

ಒಮ್ಮೆ ಸಂಜೆಯ ಚೂರನ್ನು ಮರೆತು ರಾತ್ರಿ ಹತ್ತಕ್ಕೆ ನುಂಗಿದೆ. ಎರಡು ಗಂಟೆಗೆ ಎದ್ದು ಬೀರು ಜೋಡಿಸುತ್ತಿದ್ದೆ.

ಲ್ಯಾಬ್_ಇಲಿ | 11:34

ಅಕ್ಕ, ನಿಮ್ಮದು ಪುಸ್ತಕದಲ್ಲಿ ಸಿಗದ ಪಾಠ. ಗುಳಿಗೆಗೆ ಇನ್ನೊಂದು ಮಿತಿ ಇದೆ. ಕಾರ್ಟಿಸಾಲ್ ನುಣ್ಣಗೆ ಏರಿ ಇಳಿಯುವುದಿಲ್ಲ. 1971ರಲ್ಲಿ ವೈಟ್ಸ್‌ಮನ್ ಅವರ ತಂಡ 20 ನಿಮಿಷಕ್ಕೊಮ್ಮೆ ರಕ್ತ ತೆಗೆದಾಗಲೇ ಅದು ಬಿಟ್ಟುಬಿಟ್ಟು ಸುರಿಯುವುದು ಕಂಡಿತ್ತು. ನಿದ್ದೆಗೇಡಿಯವರಿಗೆ 'ಟಕ್ ಟಕ್' ಮಾಡಿದ್ದು ಅದಕ್ಕೇ. ಗಂಟೆಗೊಮ್ಮೆ ತೆಗೆದಿದ್ದರೆ ಆ ಸಣ್ಣ ಅಲೆಗಳು ಕೈತಪ್ಪುತ್ತಿದ್ದವು.

ಈ ಅಲೆಗಳ ಹಿಂದೆ ಬಿದ್ದವರು ಬ್ರಿಸ್ಟಲ್‌ನ ಸ್ಟಾಫರ್ಡ್ ಲೈಟ್‌ಮನ್. ಇವು ಎಸ್‌ಸಿಎನ್ ಹೊಡೆಯುವ ಗಂಟೆ ಅಲ್ಲ ಅನ್ನುವುದು ಅವರ ತಂಡ ತೋರಿಸಿದ್ದು. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಅಡ್ರಿನಲ್ಲಿಗೆ "ಸುರಿ" ಅನ್ನುತ್ತದೆ. ಅಡ್ರಿನಲ್ ಸ್ವಲ್ಪ ತಡವಾಗಿ ಸುರಿಯುತ್ತದೆ. ಸುರಿದದ್ದು ಪಿಟ್ಯುಟರಿಗೆ ಮುಟ್ಟಿ "ಸಾಕು" ಅನ್ನುತ್ತದೆ. ಆ 'ಸ್ವಲ್ಪ ತಡ' ಇದೆಯಲ್ಲ, ಅದರಿಂದಲೇ ತೂಗಾಟ ಹುಟ್ಟುತ್ತದೆ. ಇಲಿಗಳಿಗೆ, ಹೈಪೋಥಲಾಮಸ್ ಪಿಟ್ಯುಟರಿಗೆ ಕಳಿಸುವ ಸಂದೇಶದ ಹಾರ್ಮೋನನ್ನು ಒಂದೇ ಸಮ ಹರಿಸಿದರೂ ಕೆಳಗೆ ಅಲೆ ಬಂತು. ಗಡಿಯಾರ ಮಾಡುವುದು ಅಲೆಗಳ ಎತ್ತರವನ್ನು ಹೊತ್ತಿಗೆ ತಕ್ಕ ಹಾಗೆ ಹೆಚ್ಚುಕಡಿಮೆ ಮಾಡುವ ಕೆಲಸ.

2018ರಲ್ಲಿ ಅದೇ ಗುಂಪು ಆರೋಗ್ಯವಂತ ಗಂಡಸರ ಸ್ವಂತ ಕಾರ್ಟಿಸಾಲನ್ನು ಮದ್ದಿನಿಂದ ತಡೆದು, ಪಂಪಿನಿಂದ ಹೈಡ್ರೋಕಾರ್ಟಿಸೋನ್ ಕೊಟ್ಟು ನೋಡಿತು. ದಿನದ ಒಟ್ಟು ಪ್ರಮಾಣ ಒಂದೇ, ಕೊಡುವ ಲಯ ಬೇರೆಬೇರೆ. ಲಯ ಬದಲಾದಾಗ ಭಾವನೆಗಳನ್ನು ಗುರುತಿಸುವುದರಲ್ಲಿ, ನೆನಪಿನ ಕೆಲಸದಲ್ಲಿ, ನಿದ್ದೆಯಲ್ಲಿ ವ್ಯತ್ಯಾಸ ಕಂಡಿತು.

ಮೂರು_ಗುಳಿಗೆ | 11:41

ಇದನ್ನು ಓದಿ ಸುಮ್ಮನೆ ಕೂತುಬಿಟ್ಟೆ. "ಡೋಸ್ ಸರಿ ಇದೆ, ರಿಪೋರ್ಟ್ ಸರಿ ಇದೆ, ಮತ್ತೆ ಯಾಕೆ ಸುಸ್ತು ಅಂತೀರಿ" ಅಂತ ನನಗೆ ಎಷ್ಟು ಸಲ ಹೇಳಿದ್ದಾರೋ.

ಅನುಮಾನಪ್ಪ | 11:45

ಒಟ್ಟು ಪ್ರಮಾಣ ಒಂದೇ ಆದರೆ ಫಲವೂ ಒಂದೇ ಆಗಬೇಕು. ಬಿಂದಿಗೆ ನೀರು ಒಮ್ಮೆಗೇ ಕುಡಿದರೂ ಲೋಟಲೋಟವಾಗಿ ಕುಡಿದರೂ ಬಿಂದಿಗೆಯೇ.

ರಾತ್ರಿಪಾಳಿ | 11:49

ಸರ್, ಒಮ್ಮೆಗೇ ಒಂದು ಬಿಂದಿಗೆ ಕುಡಿದು ನೋಡಿ. ನಮ್ಮ ವಾರ್ಡಿನಲ್ಲಿ ಹಾಸಿಗೆ ಖಾಲಿ ಇದೆ.

ಲ್ಯಾಬ್_ಇಲಿ | 11:58

😀 ಇದಕ್ಕೆ ಹಳೆಯ ಪುರಾವೆಯೇ ಇದೆ. ಹೈಪೋಥಲಾಮಸ್ ಸುಮಾರು ಗಂಟೆಗೊಮ್ಮೆ ಜಿಎನ್‌ಆರ್‌ಎಚ್ ಅನ್ನುವ ಹಾರ್ಮೋನನ್ನು ಚಿಮ್ಮಿಸುತ್ತದೆ. ಅದರಿಂದ ಪಿಟ್ಯುಟರಿ ಎಚ್ಚರಗೊಂಡು ಅಂಡಾಶಯ, ವೃಷಣಗಳಿಗೆ ಆಜ್ಞೆ ಕಳಿಸುತ್ತದೆ. 1978ರಲ್ಲಿ ಕ್ನೋಬಿಲ್ ಅವರ ಗುಂಪು ಕೋತಿಗಳಿಗೆ ಅದನ್ನೇ ಹನಿಹನಿಯಾಗಿ ನಿಲ್ಲಿಸದೆ ಕೊಟ್ಟಿತು. ಪಿಟ್ಯುಟರಿ ಬಾಯಿ ಮುಚ್ಚಿತು. ಗಂಟೆಗೊಮ್ಮೆ ಕೊಟ್ಟಾಗ ಮತ್ತೆ ಮಾತಾಡಿತು. ಬಾಗಿಲ ಗಂಟೆ ಒಂದು ಸಲ ಒತ್ತಿದರೆ ಒಳಗಿನವರು ಬರುತ್ತಾರೆ. ಬೆರಳು ತೆಗೆಯದೆ ಒತ್ತಿಕೊಂಡೇ ನಿಂತರೆ ತಂತಿ ಕಿತ್ತು ಬಿಸಾಕುತ್ತಾರೆ. ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಡುವ ಒಂದು ಬಗೆಯ ಚುಚ್ಚುಮದ್ದು ಇದೇ ತಂತ್ರದ ಮೇಲೆ ನಿಂತಿದೆ. ಎಬ್ಬಿಸುವ ಹಾರ್ಮೋನಿನ ನಕಲನ್ನೇ ಬಿಡದೆ ಕೊಟ್ಟು ಟೆಸ್ಟೋಸ್ಟಿರೋನನ್ನು ಅಡಗಿಸುವುದು.

ಅನುಮಾನಪ್ಪ | ಭಾನುವಾರ ರಾತ್ರಿ 12:10

ಆ ಹಾರ್ಮೋನಿನ ಸುದ್ದಿ ಬಂತಲ್ಲ, ಹೇಳುತ್ತೇನೆ. ನನಗೆ ಟೆಸ್ಟೋಸ್ಟಿರೋನ್ ಕಮ್ಮಿ ಅಂತ ರಿಪೋರ್ಟ್ ಬಂದಿದೆ. ಒಂದು ಅಂಕಿ, ಪಕ್ಕದಲ್ಲಿ ಇಷ್ಟರಿಂದ ಇಷ್ಟು ಇರಬೇಕು ಅಂತ. ನನ್ನದು ಅದಕ್ಕಿಂತ ಕೆಳಗೆ. ಅದರಲ್ಲಿ ಲಯ, ಅಲೆ, ಗಡಿಯಾರ ಏನೂ ಬರೆದಿಲ್ಲ. ಕಮ್ಮಿ ಅಂದರೆ ಕಮ್ಮಿ. ಸುಮ್ನೆ ಎಲ್ಲವನ್ನೂ ಸಿಕ್ಕು ಮಾಡುತ್ತೀರಿ.

ಎಂಡೋ_ಡಾಕ್ಟ್ರು | 12:14

ರಕ್ತ ಎಷ್ಟು ಗಂಟೆಗೆ ಕೊಟ್ಟಿದ್ದಿರಿ ಸರ್?

ಪದಹುಚ್ಚ | 12:19

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮೈಯ ಈ ದಿನದ ಲಯಕ್ಕೆ ವಿಜ್ಞಾನಿಗಳು ಹೇಳುವ ಸರ್ಕೇಡಿಯನ್ ಅನ್ನುವುದಕ್ಕೆ ಕನ್ನಡದಲ್ಲಿ ಏನನ್ನುತ್ತೀರಿ? 'ಜೈವಿಕ ಗಡಿಯಾರ' ಕೇಳಿದರೆ ಔಷಧಿ ಡಬ್ಬಿ ನೆನಪಾಗುತ್ತದೆ. 1959ರಲ್ಲಿ ಹಾಲ್ಬರ್ಗ್ ಈ ಪದ ಕಟ್ಟಿದ್ದು ಲ್ಯಾಟಿನ್ನಿನ 'ಸುಮಾರು' ಮತ್ತು 'ದಿನ' ಸೇರಿಸಿ. ಹಾಗಾದರೆ ನಾವು 'ಸುಮಾರ್ದಿನ' ಅನ್ನಬಾರದೇಕೆ?

ಗೂಬೆಮರಿ | 12:21

ಸುಮಾರ್ದಿನ ಅಂದರೆ ಸುಮಾರಾದ ದಿನ ಅನಿಸುತ್ತೆ. ನನ್ನ ಸೋಮವಾರಗಳ ಹಾಗೆ.

ಸುಮ್ನೆ_ಕೇಳ್ದೆ | 12:22

'ಹೊತ್ತುಗೊತ್ತು' ಇದೆಯಲ್ಲ! ಮೈಗೆ ಹೊತ್ತು ಗೊತ್ತು.

ಪದಹುಚ್ಚ | 12:25

ಅಯ್ಯೋ, ಇದು ಚೆನ್ನಾಗಿದೆ. ಆ ಪದದಲ್ಲಿ 'ಗೊತ್ತು' ಅಂದರೆ ನೆಲೆ, ನಿಗದಿ. ತಿಳಿವು ಅಲ್ಲ. ಆದರೂ ಇಟ್ಟುಕೊಳ್ಳೋಣ.

ಲ್ಯಾಬ್_ಇಲಿ | 12:33

'ಸುಮಾರು' ಬೇಕೇ ಬೇಕು. ಗಡಿಯಾರ ಸರಿಯಾಗಿ 24 ಗಂಟೆಯದ್ದಲ್ಲ. 1999ರಲ್ಲಿ ಚೈಸ್ಲರ್ ತಂಡ ಜನರನ್ನು ಮಂದ ಬೆಳಕಿನಲ್ಲಿ 28 ಗಂಟೆಯ ಕೃತಕ ದಿನಕ್ಕೆ ಹಾಕಿ, ರಾತ್ರಿ ಏರುವ ಮೆಲಟೋನಿನ್ ಹಾರ್ಮೋನು, ಕಾರ್ಟಿಸಾಲ್, ಮೈಬಿಸಿ ಅಳೆಯಿತು. ಸರಾಸರಿ 24.18 ಗಂಟೆ ಬಂತು. ಅಂದರೆ 24 ಗಂಟೆ 11 ನಿಮಿಷ. ಆ ಹೆಚ್ಚುವರಿ ನಿಮಿಷಗಳನ್ನು ದಿನಾ ಬೆಳಕು ಬಂದು ತಿದ್ದುತ್ತದೆ.

ಬೆಳಕಿಲ್ಲದಿದ್ದರೂ ನಡೆಯುತ್ತದೆ ಅನ್ನುವುದು ಮಾತ್ರ ಹಳೆಯ ಸುದ್ದಿ. 1729ರಲ್ಲಿ ಫ್ರಾನ್ಸಿನ ಡಿ ಮೇರಾನ್ ಮುಟ್ಟಿದರೆ ಮುನಿ ಗಿಡವನ್ನು ಕತ್ತಲಲ್ಲಿಟ್ಟರು. ಅದು ಆದರೂ ಹಗಲಿಗೆ ಎಲೆ ಬಿಚ್ಚಿತು, ಇರುಳಿಗೆ ಮುದುಡಿತು.

ಬೆರಳಲ್ಲಿ_ಓದುವವ | 12:50

ಆ ಹೆಚ್ಚುವರಿ ನಿಮಿಷ ಏನು ಮಾಡುತ್ತದೆ ಅಂತ ನನ್ನನ್ನು ಕೇಳಿ. ನನಗೆ ಎರಡೂ ಕಣ್ಣಿಲ್ಲ. ಬೆಳಕು ಒಳಗೆ ಹೋಗುವ ದಾರಿಯೇ ಇಲ್ಲ. ನನ್ನ ಗಡಿಯಾರ ದಿನಾ ಅರ್ಧ ಗಂಟೆ ಹಿಂದೆ ಬೀಳುತ್ತದೆ. 48 ದಿನಕ್ಕೆ ಒಂದು ಪೂರಾ ಸುತ್ತು. ಎರಡು ವಾರ ಲೋಕದ ಜೊತೆ ಇರುತ್ತೇನೆ. ಆಮೇಲೆ ಮಧ್ಯಾಹ್ನ ಮೂರಕ್ಕೆ ಮೀಟಿಂಗಿನಲ್ಲಿ ತಲೆ ತೂಗುತ್ತದೆ, ರಾತ್ರಿ ಮೂರಕ್ಕೆ ಎದ್ದು ಕೂತಿರುತ್ತೇನೆ. ಸೋಮಾರಿ ಅಂದರು, ಮನಸ್ಸಿನ ಕಾಯಿಲೆ ಅಂದರು. ನಾನು ಎದ್ದ ಹೊತ್ತು ಮಲಗಿದ ಹೊತ್ತು ಬರೆದಿಟ್ಟು ಗೆಳೆಯನಿಗೆ ಗೆರೆ ಎಳೆಯಲು ಹೇಳಿದೆ. "ಮೆಟ್ಟಿಲಿನ ಹಾಗೆ ಇಳಿಯುತ್ತಿದೆಯಲ್ಲೋ" ಅಂದ. ಅಲ್ಲಿಂದ ದಾರಿ ಸಿಕ್ಕಿತು. ಈಗ ಡಾಕ್ಟರ ಸಲಹೆಯಂತೆ ರಾತ್ರಿ ಒಂದೇ ಹೊತ್ತಿಗೆ ಸಣ್ಣ ಪ್ರಮಾಣದ ಮೆಲಟೋನಿನ್. ಹಿಡಿದು ನಿಲ್ಲಿಸಲು ಕೆಲವು ತಿಂಗಳು ಬೇಕಾಯಿತು.

ಗೂಬೆಮರಿ | 12:54

ಎಲ್ಲ ಅಂಧರಿಗೂ ಹೀಗಾ ಅಣ್ಣ?

ಲ್ಯಾಬ್_ಇಲಿ | 1:03

ಎಲ್ಲರಿಗೂ ಅಲ್ಲ. 1995ರಲ್ಲಿ ಕಂಡಿದ್ದು ಇದು. ಏನೂ ಕಾಣದ ಕೆಲವರ ಕಣ್ಣಿಗೆ ಬೆಳಕು ಬಿಟ್ಟರೆ ಮೆಲಟೋನಿನ್ ಇಳಿಯಿತು. ಅವರಿಗೆ ಬೆಳಕು ಬಂದಿದ್ದು ಗೊತ್ತೇ ಆಗಿರಲಿಲ್ಲ, ಗಡಿಯಾರಕ್ಕೆ ಗೊತ್ತಾಗಿತ್ತು. ಕಾರಣ ಆಮೇಲೆ ಸಿಕ್ಕಿತು. ರೆಟಿನಾದಲ್ಲಿ ನೋಡಲಿಕ್ಕಲ್ಲದ, ಬೆಳಕು ಅಳೆಯಲಿಕ್ಕೇ ಇರುವ ಕೋಶಗಳಿವೆ. ಅವುಗಳ ಬಣ್ಣಕಣ ಮೆಲನಾಪ್ಸಿನ್. ಪ್ರೊವೆನ್ಸಿಯೋ ಅದನ್ನು 1998ರಲ್ಲಿ ಮೊದಲು ಕಂಡಿದ್ದು ಕಪ್ಪೆಯ ಚರ್ಮದಲ್ಲಿ! 480 ನ್ಯಾನೋಮೀಟರಿನ ಆಸುಪಾಸಿನ ನೀಲಿ ಬೆಳಕಿಗೆ ಅದು ಜಾಸ್ತಿ ಸ್ಪಂದಿಸುತ್ತದೆ.

ಹದಿನಾರರ_ಅಮ್ಮ | 1:10

ಅದಕ್ಕೇ ನೀಲಿ ಬೆಳಕು ತಡೆಯುವ ಕನ್ನಡಕ ಕೊಂಡೆ ಮಗನಿಗೆ. ಈಗ ಕನ್ನಡಕ ಹಾಕಿಕೊಂಡು ಒಂದು ಗಂಟೆವರೆಗೆ ಫೋನು ನೋಡುತ್ತಾನೆ.

ರಾತ್ರಿಪಾಳಿ | 1:12

ಅಕ್ಕ, ಈಗ ಒಂದು ಹತ್ತು. ನೀವು?

ಹದಿನಾರರ_ಅಮ್ಮ | 1:13

ನಾನು ಅವನನ್ನು ಕಾಯುತ್ತಿದ್ದೇನೆ. 🙄

ಲ್ಯಾಬ್_ಇಲಿ | 1:20

ಮಗನನ್ನು ಪೂರ್ತಿ ಬೈಯಬೇಡಿ. ಹರೆಯದಲ್ಲಿ ಗಡಿಯಾರವೇ ತಡಕ್ಕೆ ಸರಿಯುತ್ತದೆ, ಮೇರಿ ಕಾರ್ಸ್‌ಕಡನ್ ಅವರ ಕೆಲಸದಿಂದ ಇದು ಗೊತ್ತಾಗಿದೆ. ಫೋನು ಅದರ ಮೇಲೆ ಉಪ್ಪು ಸುರಿಯುತ್ತದೆ. ಬೆಳಕಿಗೆ ಮೈ ಎಷ್ಟು ಬಗ್ಗುತ್ತದೆ ಅನ್ನುವುದರಲ್ಲೂ ಒಬ್ಬರಿಗೂ ಇನ್ನೊಬ್ಬರಿಗೂ 50 ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ ಇದೆ ಅಂತ 2019ರ ಒಂದು ಅಧ್ಯಯನ ತೋರಿಸಿದೆ. ಆದ್ದರಿಂದ "ನನಗೇನೂ ಆಗಲ್ಲ" ಅನ್ನುವವರೂ ಸುಳ್ಳು ಹೇಳುತ್ತಿರಲಿಕ್ಕಿಲ್ಲ.

ಗೂಬೆಮರಿ | 1:26

ಇಷ್ಟೆಲ್ಲ ಯಾಕೆ, ಮೆಲಟೋನಿನ್ ನಿದ್ದೆಯ ಹಾರ್ಮೋನು ತಾನೇ. ಹತ್ತು ಮಿಲಿಗ್ರಾಂ ನುಂಗಿ ಮಲಗಿದರಾಯಿತು. ನಾನು ಮಾಡುವುದು ಅದನ್ನೇ. ಆದರೆ ಎಫೆಕ್ಟೇ ಇಲ್ಲ.

ಲ್ಯಾಬ್_ಇಲಿ | 1:48

ನನ್ನ ಇಲಿಗಳು ಈಗ ಚಕ್ರದಲ್ಲಿ ಓಡುತ್ತಿವೆ. ಅವುಗಳ ಮೆಲಟೋನಿನ್ನೂ ಈಗಲೇ ತುದಿಯಲ್ಲಿದೆ. ನಿದ್ದೆಯ ಹಾರ್ಮೋನಾಗಿದ್ದರೆ ರಾತ್ರಿ ಓಡಾಡುವ ಪ್ರಾಣಿಗೆ ರಾತ್ರಿಯೇ ಯಾಕೆ ಏರಬೇಕು? ಅದು ಕತ್ತಲಾಯಿತು ಅಂತ ಮೈಗೆಲ್ಲ ಡಂಗುರ ಸಾರುವ ಹಾರ್ಮೋನು. ಕತ್ತಲಾದ ಮೇಲೆ ಮಲಗುವುದೋ ಬೇಟೆಗೆ ಹೋಗುವುದೋ ಅವರವರ ಜಾತಕ. ಇನ್ನೊಂದು ತಮಾಷೆ. ಲ್ಯಾಬುಗಳಲ್ಲಿ ಅತಿ ಹೆಚ್ಚು ಬಳಸುವ ಕಪ್ಪು ಚಿಟ್ಟಿಲಿ ತಳಿಗೆ ಮೆಲಟೋನಿನ್ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಗಡಿಯಾರ ಮಾತ್ರ ಚೆನ್ನಾಗಿ ನಡೆಯುತ್ತದೆ.

ಡಂಗುರದವನಿಗೆ ಸುದ್ದಿ ಮುಟ್ಟುವ ದಾರಿ ನೋಡಿ. ಎಸ್‌ಸಿಎನ್‌ನಿಂದ ಮೆಲಟೋನಿನ್ ಸುರಿಸುವ ಪೀನಿಯಲ್ ಗ್ರಂಥಿಗೆ ಕೆಲವೇ ಸೆಂಟಿಮೀಟರ್ ದೂರ. ಆದರೆ ನರದ ತಂತಿ ಮಿದುಳಿನಿಂದ ಬೆನ್ನುಹುರಿಗಿಳಿದು, ಎದೆಯ ಮಟ್ಟಕ್ಕೆ ಹೋಗಿ, ಅಲ್ಲಿಂದ ಕುತ್ತಿಗೆಯ ನರಗಂಟಿಗೆ ಹತ್ತಿ, ಮತ್ತೆ ತಲೆಯೊಳಗೆ ಬರುತ್ತದೆ. ಪಕ್ಕದ ಮನೆಗೆ ಹೋಗಲು ಊರು ಸುತ್ತಿದ ಹಾಗೆ. ಕುತ್ತಿಗೆಯ ಹತ್ತಿರ ಬೆನ್ನುಹುರಿ ತುಂಡಾದವರಲ್ಲಿ ರಾತ್ರಿಯ ಮೆಲಟೋನಿನ್ ಏರು ಕಾಣುವುದಿಲ್ಲ. ಹ್ಯಾಮ್‌ಸ್ಟರ್‌ಗಳಲ್ಲಿ ಎಸ್‌ಸಿಎನ್ ಕಿತ್ತು ಬೇರೆಯದರಿಂದ ಕಸಿ ಮಾಡಿದರೆ ಓಡಾಟದ ಲಯ ಮರಳುತ್ತದೆ. ಹಾರ್ಮೋನುಗಳ ಲಯ ಮರಳುವುದಿಲ್ಲ. ಓಡಾಟಕ್ಕೆ ಗಡಿಯಾರದಿಂದ ಒಸರುವ ರಸ ಸಾಕು, ಹಾರ್ಮೋನಿಗೆ ತಂತಿಯೇ ಬೇಕು. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಇದಕ್ಕಿಂತ ಚೆಂದದ ಫಲಿತಾಂಶ ಇಲ್ಲ.

ಎಂಡೋ_ಡಾಕ್ಟ್ರು | 1:57

ಗೂಬೆಮರಿಯವರೇ, ಹತ್ತು ಮಿಲಿಗ್ರಾಂ ತುಂಬಾ ಜಾಸ್ತಿ. ಗಡಿಯಾರ ಸರಿಸಲು ಅರ್ಧ ಮಿಲಿಗ್ರಾಂ ಸಾಕಾಗುವುದುಂಟು. ಯಾವ ಹೊತ್ತಿಗೆ ಅನ್ನುವುದೇ ಮುಖ್ಯ. ಸಂಜೆ ತಗೊಂಡರೆ ಗಡಿಯಾರ ಮುಂಚೆಗೆ ಸರಿಯುತ್ತದೆ, ಬೆಳಿಗ್ಗೆ ತಗೊಂಡರೆ ತಡಕ್ಕೆ. ಇನ್ನು ಡಬ್ಬಿಯ ಮೇಲಿನ ಅಂಕಿ. 2017ರಲ್ಲಿ ಕೆನಡಾದಲ್ಲಿ 31 ಡಬ್ಬಿ ಪರೀಕ್ಷೆ ಮಾಡಿದರು. ಬರೆದಿದ್ದಕ್ಕಿಂತ ಶೇ 83 ಕಮ್ಮಿಯಿಂದ ಶೇ 478 ಜಾಸ್ತಿವರೆಗೆ ಸಿಕ್ಕಿತು. ನಿಮ್ಮ ಡಾಕ್ಟರನ್ನು ಕೇಳದೆ ನುಂಗಬೇಡಿ.

ಅನುಮಾನಪ್ಪ ಸರ್, ನನ್ನ ಪ್ರಶ್ನೆ ಅಲ್ಲೇ ಉಳಿಯಿತು.

ಸುಮ್ನೆ_ಕೇಳ್ದೆ | 1:59

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ. ನೀವೆಲ್ಲ ಅಂಕಿ ಹೇಳಿ ನನ್ನ ನಿದ್ದೆ ಹಾರಿಸಿದಿರಿ.

ರಾತ್ರಿಪಾಳಿ | 2:06

ನಾನಂತೂ ಡ್ಯೂಟಿಯಲ್ಲಿದ್ದೇನೆ, ಹಕ್ಕಿನಿಂದ ಎಚ್ಚರ ಇದ್ದೇನೆ. ನಂದೂ ಒಂದು. ಸತತ ಐದು ರಾತ್ರಿಪಾಳಿ ಮುಗಿಸಿ, ಹಾಗೇ ಬೆಳಿಗ್ಗೆ ಎಂಟಕ್ಕೆ ಕಾರ್ಟಿಸಾಲ್ ಪರೀಕ್ಷೆಗೆ ರಕ್ತ ಕೊಟ್ಟೆ. ಕಮ್ಮಿ ಬಂತು. ಅಡ್ರಿನಲ್ ಕೈಕೊಟ್ಟಿದೆಯಾ ನೋಡಬೇಕು ಅಂದರು. ಒಂದು ವಾರ ಅಳು. ಕೊನೆಗೆ ಒಬ್ಬ ಹಿರಿಯ ಡಾಕ್ಟರು ಒಂದೇ ಮಾತು ಕೇಳಿದರು: "ಅಮ್ಮ, ನಿನ್ನ ಬೆಳಿಗ್ಗೆ ಎಷ್ಟು ಗಂಟೆಗೆ?" ರಜೆ ಹಾಕಿ, ಸರಿಯಾಗಿ ರಾತ್ರಿ ಮಲಗಲು ಶುರುಮಾಡಿ ಎರಡು ವಾರದ ಮೇಲೆ ಮತ್ತೆ ಕೊಟ್ಟೆ. ಎಲ್ಲ ಸರಿ ಇತ್ತು.

ಅವತ್ತಿಂದ ಸ್ಯಾಂಪಲ್ ಟ್ಯೂಬಿನ ಮೇಲೆ ಸಮಯ ಬರೆಯದೆ ಕಳಿಸಿದವರಿಗೆ ನನ್ನ ಕೈಲಿ ಬೈಗುಳ ಗ್ಯಾರಂಟಿ.

ಎಂಡೋ_ಡಾಕ್ಟ್ರು | 2:11

ಉಲ್ಟಾ ಕೂಡ ನಿಜ. ಕಾರ್ಟಿಸಾಲ್ ವಿಪರೀತ ಆಗುವ ಕುಶಿಂಗ್ ಕಾಯಿಲೆಯಲ್ಲಿ ಬೆಳಗಿನ ಅಂಕಿ ಎಷ್ಟೋ ಸಲ ಮಾಮೂಲಿ ಇರುತ್ತದೆ. ಹಿಡಿಯುವುದು ರಾತ್ರಿ ಹನ್ನೊಂದರ ಎಂಜಲಿನಲ್ಲಿ. ಇಳಿಯಬೇಕಾದ ಹೊತ್ತಿಗೆ ಇಳಿದಿರುವುದಿಲ್ಲ, ಅದೇ ಸುಳಿವು.

ಲ್ಯಾಬ್_ಇಲಿ | 2:20

ಹೊತ್ತು ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ನನಗಿಷ್ಟವಾದ ಪ್ರಯೋಗ 1950ರದ್ದು. ಎವರೆಟ್ ಮತ್ತು ಸಾಯರ್ ಹೆಣ್ಣು ಇಲಿಗೆ, ಅಂಡ ಬಿಡುವ ಹಿಂದಿನ ದಿನ, ಮಧ್ಯಾಹ್ನ ಎರಡಕ್ಕೆ ಮಿದುಳನ್ನು ಮಂಕಾಗಿಸುವ ಬಾರ್ಬಿಚುರೇಟ್ ಮದ್ದು ಕೊಟ್ಟರು. ಅಂಡ ಬಿಡಲಿಲ್ಲ. ಮದ್ದಿನ ಅಮಲು ಇಳಿದ ಮೇಲೆ ಬಿಡಬಹುದಿತ್ತಲ್ಲ? ಇಲ್ಲ. ಸರಿಯಾಗಿ 24 ಗಂಟೆ ತಡ. ಸಂಜೆ ನಾಲ್ಕು ಹೊಡೆದ ಮೇಲೆ ಕೊಟ್ಟರೆ ಏನೂ ವ್ಯತ್ಯಾಸ ಇಲ್ಲ. ಎರಡರಿಂದ ನಾಲ್ಕರ ನಡುವೆ ಮಿದುಳಿನಿಂದ ಒಂದು ಬಸ್ಸು ಹೊರಡುತ್ತದೆ. ತಪ್ಪಿದರೆ ಮುಂದಿನದು ನಾಳೆ ಅದೇ ಹೊತ್ತಿಗೆ.

ನಿದ್ದೆಗೇಡಿ | ಭಾನುವಾರ ಬೆಳಿಗ್ಗೆ 9:15

ನಾನು ರಾತ್ರಿ ಹತ್ತೂವರೆಗೆ ಮಲಗಿಬಿಟ್ಟೆ! ಎದ್ದು ನೋಡಿದರೆ ಜಾತ್ರೆ. ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಮುಂದಿನ ತಿಂಗಳು ಎರಡನೇ ಸುತ್ತಿಗೆ ಕರೆದಿದ್ದಾರೆ. ಅದೇ ಕೋಣೆ, ಅದೇ ಕೊಳವೆ, ಆದರೆ ಈ ಸಲ ಮಲಗಲು ಬಿಡುತ್ತಾರಂತೆ. ಬೆಳವಣಿಗೆಯ ಹಾರ್ಮೋನಿನ ಗೆರೆ ಎದ್ದರೆ ಇಲ್ಲಿ ಬಂದು ಹೇಳುತ್ತೇನೆ.

ಲ್ಯಾಬ್_ಇಲಿ | 11:50

ಏಳುತ್ತದೆ, ನಿದ್ದೆ ಚೆನ್ನಾಗಿ ಬಂದರೆ. 'ಟಕ್' ಸದ್ದಿಗೆ ಎಚ್ಚರಾಗಬೇಡಿ. ನಾನು ಈಗ ಎದ್ದೆ.

ಅನುಮಾನಪ್ಪ | ಭಾನುವಾರ ಸಂಜೆ 6:30

ಡಾಕ್ಟರೇ, ಬೀರುವಿನಿಂದ ರಿಪೋರ್ಟ್ ಹುಡುಕಿ ತೆಗೆದೆ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿದೆ. ಸ್ಯಾಂಪಲ್ ತೆಗೆದ ಸಮಯ: ಸಂಜೆ 5:40. ಕೆಲಸ ಮುಗಿಸಿ ಹೋಗಿದ್ದೆ. ಆ ವಾರ ಲೆಕ್ಕಪತ್ರ ಮುಗಿಸುವ ಗಡಿಬಿಡಿ, ರಾತ್ರಿ ನಾಲ್ಕೈದು ಗಂಟೆಗಿಂತ ಹೆಚ್ಚು ಮಲಗಿರಲಿಲ್ಲ.

ಎಂಡೋ_ಡಾಕ್ಟ್ರು | 6:52

ಟೆಸ್ಟೋಸ್ಟಿರೋನ್ ಬೆಳಿಗ್ಗೆ ಜಾಸ್ತಿ, ಸಂಜೆಗೆ ಇಳಿದಿರುತ್ತದೆ. ಜೊತೆಗೆ 2011ರಲ್ಲಿ ಶಿಕಾಗೋದ ಲೆಪ್ರೂ ಮತ್ತು ವಾನ್ ಕೌಟರ್ ಆರೋಗ್ಯವಂತ ಹುಡುಗರನ್ನು ಒಂದು ವಾರ ದಿನಕ್ಕೆ 5 ಗಂಟೆ ಮಾತ್ರ ಮಲಗಿಸಿದಾಗ ಹಗಲಿನ ಮಟ್ಟ ಶೇ 10ರಿಂದ 15 ಇಳಿದಿತ್ತು. ನಿಮ್ಮದು ನಿಜಕ್ಕೂ ಕಮ್ಮಿಯೇ ಇರಬಹುದು, ಇಲ್ಲದೆಯೂ ಇರಬಹುದು. ಆ ಕಾಗದದಿಂದ ಹೇಳಲಾಗದು. ಕೆಲವು ದಿನ ಸರಿಯಾಗಿ ಮಲಗಿ, ಬೆಳಿಗ್ಗೆ ಎಂಟರ ಹೊತ್ತಿಗೆ ಖಾಲಿ ಹೊಟ್ಟೆಯಲ್ಲಿ ಕೊಡಿ. ಇನ್ನೊಂದು ದಿನ ಮತ್ತೊಮ್ಮೆ. ಮದ್ದು ಶುರು ಮಾಡಿದ್ದೀರಾ?

ಅನುಮಾನಪ್ಪ | 6:55

ಇಲ್ಲ. ಬರೆದುಕೊಟ್ಟಿದ್ದರು. ಅದರ ಮೇಲೂ ಅನುಮಾನ ಇತ್ತು.

ರಾತ್ರಿಪಾಳಿ | 6:57

ನಿಮ್ಮ ಅನುಮಾನ ಮೊದಲ ಸಲ ಉಪಯೋಗಕ್ಕೆ ಬಂತು ನೋಡಿ ಸರ್.

ಅನುಮಾನಪ್ಪ | ಭಾನುವಾರ ರಾತ್ರಿ 9:31

ಬಿಂದಿಗೆಯ ಮಾತು ವಾಪಸ್ ತಗೊಂಡಿಲ್ಲ, ಅದು ನೆನಪಿರಲಿ. ಮಲಗಲು ಹೋಗುತ್ತಿದ್ದೇನೆ.